‘ಒಂದು ಗಂಟೆ ಜಾಹೀರಾತಿಲ್ಲ’ ಅಂದಾಗ ಆ ಜಾಹೀರಾತು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಾನು ಉಡುಪಿಯವನು. ಕಟಪಾಡಿಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಮಾಲು ತರಲು, ಬ್ಯಾಂಕ್ ಕೆಲಸಕ್ಕೆ ಅಂತ ಆಗಾಗ ಕಾರಿನಲ್ಲಿ ಮಂಗಳೂರಿಗೆ ಹೋಗುತ್ತೇನೆ. ದಾರಿಯುದ್ದಕ್ಕೂ ಎಫ್‌ಎಂ ಹಾಕಿರುತ್ತೇನೆ. ಒಂದು ಸ್ಟೇಷನ್ ‘ಮುಂದಿನ ಒಂದು ಗಂಟೆ ಜಾಹೀರಾತೇ ಇಲ್ಲ, ಬರೀ ಹಾಡು’ ಅನ್ನುತ್ತದೆ. ಸ್ವಲ್ಪ ದಿನದಲ್ಲೇ ಇನ್ನೊಂದು ಸ್ಟೇಷನ್ ಕೂಡ ಅದನ್ನೇ ಶುರು ಮಾಡುತ್ತದೆ. ಉಳಿದ ಹೊತ್ತಿನಲ್ಲಿ ಜಾಹೀರಾತು ಬಂತು ಅಂದರೆ ಎಲ್ಲ ಕಡೆಯೂ ಒಟ್ಟಿಗೇ ಬರುತ್ತದೆ. ಸ್ಟೇಷನ್ ಬದಲಿಸಿದರೂ ಪ್ರಯೋಜನ ಇಲ್ಲ. ಜಾಹೀರಾತು ಬಿಟ್ಟರೆ ಇವರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಇವರೆಲ್ಲ ಮಾತಾಡಿಕೊಂಡು ಹೀಗೆ ಮಾಡುತ್ತಾರಾ? ಇನ್ನೊಂದು ವಿಷಯ. ರೇಡಿಯೋದವರು ನಮ್ಮ ಅಂಗಡಿಗೂ ಬಂದಿದ್ದರು. ‘ಜಾಹೀರಾತಿಲ್ಲದ ಗಂಟೆ ಇರುವುದರಿಂದ ಜನ ನಮ್ಮನ್ನೇ ಕೇಳುತ್ತಾರೆ, ನೀವು ಸ್ಪಾಟ್ (ಜಾಹೀರಾತು) ಹಾಕಿ’ ಅಂದರು. ಹಾಕಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಗಂಟೆಯ ಜಾಹೀರಾತು ಎಲ್ಲಿಗೂ ಹೋಗುವುದಿಲ್ಲ. ಹಿಂದಿನ ಗಂಟೆಗೋ ಮುಂದಿನ ಗಂಟೆಗೋ ಸರಿಯುತ್ತದೆ, ಅಷ್ಟೇ. ಹಾಗಾಗಿ ಒಂದು ಸ್ಟೇಷನ್ನಿನಲ್ಲಿ ಜಾಹೀರಾತು ಕಡಿಮೆಯೋ ಜಾಸ್ತಿಯೋ ಅಂತ ತಿಳಿಯಬೇಕಾದರೆ ಒಂದು ಗಂಟೆ ಕೇಳಿದರೆ ಸಾಲದು, ಇಡೀ ಬೆಳಗ್ಗೆ ಕೇಳಬೇಕು.

ರೇಡಿಯೋದಲ್ಲಿ ಜಾಹೀರಾತು ಜೋಡಿಸುವ ಮೇಜಿನಲ್ಲಿ ಕೂತು ಕೆಲಸ ಮಾಡಿದ್ದೇನೆ. ಅಲ್ಲಿ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಪ್ರತಿ ಸ್ಟೇಷನ್ನಿನಲ್ಲೂ ಗಂಟೆಗೊಂದು ‘ಕ್ಲಾಕ್’ ಇರುತ್ತದೆ. ಯಾವ ನಿಮಿಷಕ್ಕೆ ಹಾಡು, ಯಾವಾಗ ಆರ್‌ಜೆ ಮಾತು, ಎಲ್ಲಿ ಜಿಂಗಲ್, ಎಲ್ಲಿ ಜಾಹೀರಾತಿನ ಬ್ರೇಕ್ ಅನ್ನುವುದೆಲ್ಲ ಅದರಲ್ಲಿ ಮೊದಲೇ ಗುರುತಾಗಿರುತ್ತದೆ. ಜಾಹೀರಾತು ಮಾರುವುದು 10 ಸೆಕೆಂಡಿನ ಲೆಕ್ಕದಲ್ಲಿ. ಬೆಳಗ್ಗೆ 7ರಿಂದ 11ರ ತನಕ ಗಂಟೆಗೆ 12 ನಿಮಿಷದಂತೆ ಮಾರಾಟ ಆಗಿದೆ ಅಂತ ಇಟ್ಟುಕೊಳ್ಳಿ. ಒಟ್ಟು 48 ನಿಮಿಷ ಆಯಿತು. ಈಗ 9ರಿಂದ 10 ಜಾಹೀರಾತಿಲ್ಲದ ಗಂಟೆ ಅಂತ ಘೋಷಿಸಿದರು. ಆ 48 ನಿಮಿಷ ಉಳಿದ ಮೂರು ಗಂಟೆಯಲ್ಲಿ ಹೊಂದಬೇಕು. ಗಂಟೆಗೆ 16 ನಿಮಿಷ. ಗಂಟೆಗೆ ಮೂರು ಬ್ರೇಕ್ ಅಂದರೆ, ಮೊದಲು ನಾಲ್ಕು ನಿಮಿಷಕ್ಕೆ ಮುಗಿಯುತ್ತಿದ್ದ ಬ್ರೇಕ್ ಈಗ ಐದು ನಿಮಿಷ ದಾಟುತ್ತದೆ. ಒಂದೊಂದು ಸ್ಪಾಟ್ 20 ಸೆಕೆಂಡಿನದ್ದಾದರೆ, ಒಂದೇ ಬ್ರೇಕಿನಲ್ಲಿ ಸಾಲಾಗಿ 16 ಅಂಗಡಿಗಳ ಹೆಸರು. ಅದರಲ್ಲಿ ಒಂಬತ್ತನೆಯದ್ದು ಯಾರ ನೆನಪಿನಲ್ಲಿ ಉಳಿಯುತ್ತದೆ?

ಇದು ಮೋಸ ಅಲ್ಲ ಮಾರಾಯ್ರೇ. ಆ ಗಂಟೆಯಲ್ಲಿ ನಿಜವಾಗಿಯೂ ಜಾಹೀರಾತು ಇರುವುದಿಲ್ಲ. ಆದರೆ 8ರಿಂದ 9ಕ್ಕೆ ಕಾಪು ದಾಟಿ ಪಡುಬಿದ್ರಿ ಕಡೆಗೆ ಹೋಗುವವರು ಆ ಭಾರವನ್ನು ಹೊತ್ತಿರುತ್ತಾರೆ. 9ರಿಂದ 10ಕ್ಕೆ ಮೂಲ್ಕಿ, ಸುರತ್ಕಲ್ ದಾಟುವವರಿಗೆ ಬರೀ ಹಾಡು ಸಿಗುತ್ತದೆ.

ಗಂಟೆಗೆ ಇಷ್ಟೇ ನಿಮಿಷ ಅಂತ ಕಾನೂನಿಲ್ಲವೇ ಅಂತ ಕೇಳಬಹುದು. ಟಿವಿಗೆ ಇದೆ: ಗಂಟೆಗೆ 10 ನಿಮಿಷ ಜಾಹೀರಾತು, ಮೇಲೆ 2 ನಿಮಿಷ ಚಾನೆಲ್ಲಿನ ಸ್ವಂತ ಪ್ರಚಾರ. ಸಮುದಾಯ ರೇಡಿಯೋಗೂ ಇದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ರೇಡಿಯೋ ಸಾರಂಗ್ 107.8, ಮಣಿಪಾಲದ 90.4, ಇವೆಲ್ಲ ಸಮುದಾಯ ರೇಡಿಯೋಗಳು. ಅವುಗಳಿಗೆ ಗಂಟೆಗೆ 7 ನಿಮಿಷ ಇದ್ದ ಮಿತಿಯನ್ನು 2024ರಲ್ಲಿ 12 ನಿಮಿಷಕ್ಕೆ ಏರಿಸಿದರು. ಖಾಸಗಿ ವಾಣಿಜ್ಯ ಎಫ್‌ಎಂಗೆ ಇಂಥ ನಿಮಿಷದ ಮಿತಿ ಇಲ್ಲ. ಅವರನ್ನು ತಡೆಯುವುದು ಒಂದೇ. ನೀವು ಬಟನ್ ಒತ್ತಿ ಬೇರೆ ಕಡೆ ಹೋಗಿಬಿಡುತ್ತೀರಿ ಅನ್ನುವ ಭಯ.

ಇನ್ನು ದುಡ್ಡಿನ ವಿಷಯ. ಜಾಹೀರಾತಿಲ್ಲದ ಗಂಟೆಗೂ ದುಡ್ಡು ಬರುವ ದಾರಿ ಇದೆ. ಮುಂದಿನ ಸಲ ಗಮನವಿಟ್ಟು ಕೇಳಿ. ಎರಡು ಹಾಡಿಗೊಮ್ಮೆ ‘ಈ ಗಂಟೆಯ ಹಾಡುಗಳನ್ನು ನಿಮಗೆ ತಲುಪಿಸುತ್ತಿರುವವರು’ ಅಂತ ಒಂದು ಹೆಸರು ಬರುತ್ತದೆ. ಐದು ಸೆಕೆಂಡಿನ ಆ ಸಾಲಿಗೆ ಸ್ಪಾನ್ಸರ್ ಟ್ಯಾಗ್ ಅನ್ನುತ್ತಾರೆ. ಇಡೀ ಗಂಟೆಯನ್ನು ಒಬ್ಬರಿಗೇ ಮಾರಲಾಗಿರುತ್ತದೆ. ಹತ್ತು ಜನರ ಗದ್ದಲ ಇಲ್ಲದ ಜಾಗದಲ್ಲಿ ಒಂದೇ ಹೆಸರು ಕೇಳಿಸುವುದರಿಂದ ಅದಕ್ಕೆ ಒಳ್ಳೆಯ ರೇಟ್ ಸಿಗುತ್ತದೆ. ಇದು ಹೊಸದೇನಲ್ಲ. 1952ರ ಸುಮಾರಿಗೆ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕಡಿವಾಣ ಬಿದ್ದಾಗ ದೇಶದ ಕೇಳುಗರು ರೇಡಿಯೋ ಸಿಲೋನ್ ಕಡೆಗೆ ಹೋದರು. ಅಲ್ಲಿನ ಹಾಡಿನ ಕಾರ್ಯಕ್ರಮಗಳು ಹೀಗೇ ಒಂದೊಂದು ಕಂಪನಿಯ ದುಡ್ಡಿನಲ್ಲಿ ನಡೆಯುತ್ತಿದ್ದವು. ಹೋದ ಕೇಳುಗರನ್ನು ವಾಪಸ್ ಕರೆಯಲು 1957ರಲ್ಲಿ ವಿವಿಧ ಭಾರತಿ ಶುರುವಾಯಿತು. ಹಾಡು ಎಲ್ಲಿದೆಯೋ ಅಲ್ಲಿಗೆ ಕೇಳುಗರು ಹೋಗುತ್ತಾರೆ ಅನ್ನುವ ಪಾಠವನ್ನು ನಮ್ಮ ರೇಡಿಯೋ ಆಗಲೇ ಕಲಿತಿತ್ತು.

ಇನ್ನೊಂದು ಕಾರಣ ನಮ್ಮ ಕರಾವಳಿಯದ್ದೇ. ಇಲ್ಲಿ ರೇಡಿಯೋ ಜಾಹೀರಾತು ಕೊಡುವವರಲ್ಲಿ ಚಿನ್ನದ ಅಂಗಡಿ, ಬಟ್ಟೆ ಅಂಗಡಿ, ಫರ್ನಿಚರ್, ಮನೆ ಕಟ್ಟಿ ಮಾರುವವರು, ಕಾಲೇಜುಗಳು, ಆಸ್ಪತ್ರೆಗಳು ಜಾಸ್ತಿ. ಮದುವೆ ಸೀಸನ್, ಕಾಲೇಜು ಅಡ್ಮಿಷನ್, ದಸರಾ, ದೀಪಾವಳಿ ಹೊತ್ತಿನಲ್ಲಿ ಬ್ರೇಕಿನಲ್ಲಿ ಜಾಗವೇ ಸಿಗುವುದಿಲ್ಲ. ಆಟಿ ತಿಂಗಳು (ತುಳುವರ ಆಷಾಢ) ಬಂತೋ, ಶುಭಕಾರ್ಯ ಇಲ್ಲ, ಜಡಿಮಳೆ, ವ್ಯಾಪಾರ ಮಂದ. ಆಟಿ ಸೇಲ್ ಬಿಟ್ಟರೆ ಹೇಳಿಕೊಳ್ಳುವಂಥ ಜಾಹೀರಾತು ಕಡಿಮೆ. ಆಗ ಮಾರಾಟವಾಗದ ನಿಮಿಷಗಳನ್ನು ಸುಮ್ನೆ ಖಾಲಿ ಬಿಡುವ ಬದಲು ಒಂದೇ ಕಡೆ ಗುಡ್ಡೆ ಹಾಕಿ ‘ಜಾಹೀರಾತಿಲ್ಲದ ಗಂಟೆ’ ಅಂತ ಕೊಟ್ಟರೆ ಸ್ಟೇಷನ್ನಿಗೆ ಕಳೆದುಕೊಳ್ಳುವುದೇನಿಲ್ಲ. ಮಳೆಗಾಲದಲ್ಲಿ ಇಂಥ ಗಂಟೆಗಳು ಜಾಸ್ತಿ ಕೇಳಿಸಿದರೆ ಆಶ್ಚರ್ಯ ಪಡಬೇಡಿ.

ನಿಮ್ಮ ಎರಡನೇ ಪ್ರಶ್ನೆ, ಎಲ್ಲರೂ ಒಟ್ಟಿಗೇ ಯಾಕೆ ಜಾಹೀರಾತು ಹಾಕುತ್ತಾರೆ ಅನ್ನುವುದು. ಇದರ ಬೇರು ಅಮೆರಿಕದಲ್ಲಿದೆ. ಅಲ್ಲಿ ಯಾವ ಸ್ಟೇಷನ್ ಎಷ್ಟು ಜನ ಕೇಳುತ್ತಾರೆ ಅಂತ ಆರ್ಬಿಟ್ರಾನ್ ಅನ್ನುವ ಸಂಸ್ಥೆ ಡೈರಿ ಕೊಟ್ಟು ಬರೆಸುತ್ತಿತ್ತು. ಗಂಟೆಯನ್ನು 15 ನಿಮಿಷದ ನಾಲ್ಕು ತುಂಡು ಮಾಡುತ್ತಿದ್ದರು. ಒಂದು ತುಂಡಿನಲ್ಲಿ 5 ನಿಮಿಷ ಕೇಳಿದರೆ ಸಾಕು, ಆ ಇಡೀ ಕಾಲು ಗಂಟೆ ಆ ಸ್ಟೇಷನ್ನಿನ ಲೆಕ್ಕಕ್ಕೆ. ಕ್ಲಾಕ್ ಬರೆಯುವವರಿಗೆ ಇಷ್ಟು ಸಿಕ್ಕರೆ ಸಾಕಲ್ವಾ? 0, 15, 30, 45ನೇ ನಿಮಿಷಗಳ ಆಚೀಚೆ ಹಾಡು ಓಡುತ್ತಿರಬೇಕು. ಒಂದು ಕಾಲು ಗಂಟೆಯಿಂದ ಇನ್ನೊಂದಕ್ಕೆ ಕೇಳುಗ ಹಾಡಿನ ಜೊತೆಗೇ ದಾಟಬೇಕು. ಬ್ರೇಕ್ ಏನಿದ್ದರೂ ಮಧ್ಯದಲ್ಲಿ. ಎಲ್ಲ ಸ್ಟೇಷನ್ನುಗಳೂ ಇದೇ ಲೆಕ್ಕ ಮಾಡಿದ್ದರಿಂದ ಎಲ್ಲರ ಬ್ರೇಕೂ ಹತ್ತಿರ ಹತ್ತಿರದ ನಿಮಿಷಕ್ಕೇ ಬಂತು. ಯಾರೂ ಕೂತು ಮಾತಾಡಿಕೊಳ್ಳಬೇಕಾಗಿಲ್ಲ.

ಅದಕ್ಕಿಂತ ಆಳದ ಕಾರಣ ಒಂದಿದೆ. ನಿಮ್ಮ ಸ್ಟೇಷನ್ನಿನಲ್ಲಿ ಬ್ರೇಕ್ ಬಂದಾಗ ಪಕ್ಕದಲ್ಲಿ ಹಾಡು ಇದ್ದರೆ ನೀವು ಹೋಗುತ್ತೀರಿ. ಅಲ್ಲೂ ಜಾಹೀರಾತೇ ಇದ್ದರೆ ಸುಮ್ಮನಿರುತ್ತೀರಿ. ಹಾಗಾಗಿ ಬ್ರೇಕ್ ಒಟ್ಟಿಗೆ ಬಿದ್ದರೆ ಎಲ್ಲ ಸ್ಟೇಷನ್ನಿಗೂ, ಎಲ್ಲ ಜಾಹೀರಾತುದಾರರಿಗೂ ಲಾಭ. ನಷ್ಟ ಕೇಳುಗರಿಗೆ ಮಾತ್ರ. ಆಂಡ್ರ್ಯೂ ಸ್ವೀಟಿಂಗ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಸ್ಟೇಷನ್ನುಗಳ ನಿಮಿಷ ನಿಮಿಷದ ದಾಖಲೆ ಇಟ್ಟುಕೊಂಡು ಇದನ್ನೇ ಅಭ್ಯಾಸ ಮಾಡಿದರು. ಬ್ರೇಕುಗಳು ಒಂದೇ ಹೊತ್ತಿಗೆ ಬೀಳುವ ಒಲವು ಸಣ್ಣ ಮಾರುಕಟ್ಟೆಗಳಲ್ಲಿ, ಅದರಲ್ಲೂ ಜನ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರುವ ಹೊತ್ತಿನಲ್ಲಿ, ಎದ್ದು ಕಾಣುತ್ತದೆ ಅಂತ ಅವರಿಗೆ ಸಿಕ್ಕಿತು. ಕಾರಿನಲ್ಲಿ ಇರುವವರೇ ಜಾಸ್ತಿ ಬಟನ್ ಒತ್ತುವವರು. ಸ್ಟೇಷನ್ನುಗಳು ಕೆಲವೇ ಇದ್ದಾಗ ಒಬ್ಬರ ನಡೆ ಇನ್ನೊಬ್ಬರಿಗೆ ಸುಲಭವಾಗಿ ಗೊತ್ತಾಗುತ್ತದೆ. ಮಂಗಳೂರಿನ ಡಯಲ್ ನೋಡಿ. 92.7, 93.5, 98.3, ಆಮೇಲೆ ಆಕಾಶವಾಣಿಯ 100.3. ಒಬ್ಬ ಪ್ರೋಗ್ರಾಮಿಂಗ್ ಹೆಡ್ ಮೂರು ರೇಡಿಯೋ ಎದುರಿಗಿಟ್ಟುಕೊಂಡು ಒಂದು ಬೆಳಗ್ಗೆ ಕೂತರೆ ಸಾಕು, ಎಲ್ಲರ ಕ್ಲಾಕೂ ಕೈಗೆ ಸಿಗುತ್ತದೆ.

ಎಲ್ಲರೂ ಒಂದೇ ಹೊತ್ತಿಗೆ ನಿಲ್ಲಿಸುತ್ತಾರೆ ಅಂದಾಗ, ಒಬ್ಬ ಬೇರೆ ಹೊತ್ತಿಗೆ ನಿಲ್ಲಿಸಿದರೆ ಏನಾಗುತ್ತದೆ? 1965ರಲ್ಲಿ ಲಾಸ್ ಏಂಜಲೀಸ್‌ನ ಕೆಎಚ್‌ಜೆ ಸ್ಟೇಷನ್ನಿನಲ್ಲಿ ಬಿಲ್ ಡ್ರೇಕ್ ಅದನ್ನೇ ಮಾಡಿದರು. ಎದುರಾಳಿಗಳು ಗಂಟೆಯ ಹೊತ್ತಿಗೆ ಸುದ್ದಿ ಓದುತ್ತಿದ್ದರು. ಇವರು ಸುದ್ದಿಯನ್ನು ಗಂಟೆಯಾಗಿ 20 ನಿಮಿಷಕ್ಕೆ, ಗಂಟೆಗೆ 20 ನಿಮಿಷ ಮುಂಚೆ ಇಟ್ಟರು. ಎದುರಾಳಿ ಸುದ್ದಿ ಓದಲು ಶುರು ಮಾಡಿದಾಗ ಇವರಲ್ಲಿ ಹಾಡಿನ ಮೇಲೆ ಹಾಡು. ಗಂಟೆಗೆ ಇಷ್ಟೇ ಜಾಹೀರಾತು ಅಂತ ಗಟ್ಟಿ ಮಿತಿಯನ್ನೂ ಹಾಕಿಕೊಂಡರು. ಸ್ವಲ್ಪ ಸಮಯದಲ್ಲೇ ಆ ಊರಿನ ಮುಂಚೂಣಿ ಸ್ಟೇಷನ್ ಆಯಿತು. ನಿಮ್ಮ ಕಾರಿನಲ್ಲಿ ಕೇಳುವ ಜಾಹೀರಾತಿಲ್ಲದ ಗಂಟೆ ಆ ಉಪಾಯದ ಮೊಮ್ಮಗು. ಒಬ್ಬರು ಶುರು ಮಾಡಿದರೆ ಇನ್ನೊಬ್ಬರು ಸುಮ್ಮನೆ ಕೂರಲು ಆಗುವುದಿಲ್ಲ. ಇಬ್ಬರೂ ಒಂದೇ ಗಂಟೆಗೆ ತಂದರೆ ಇಬ್ಬರಿಗೂ ಲಾಭ ಇಲ್ಲ, ಆದರೆ ಹಿಂದೆ ಸರಿಯುವ ಧೈರ್ಯವೂ ಯಾರಿಗೂ ಬರುವುದಿಲ್ಲ.

ಇಲ್ಲಿ ಮಂಗಳೂರಿನವರು ತಿಳಿಯಬೇಕಾದ ಮಾತೊಂದಿದೆ. ನಮ್ಮ ದೇಶದಲ್ಲಿ ಡೈರಿ ಕೊಟ್ಟು ರೇಡಿಯೋ ಕೇಳುಗರನ್ನು ಅಳೆಯುವ ಟ್ಯಾಮ್ ಸಂಸ್ಥೆಯ ಪದ್ಧತಿ ನಡೆದದ್ದು ದೆಹಲಿ, ಮುಂಬೈ, ಕೋಲ್ಕತ್ತ, ಬೆಂಗಳೂರು ಈ ನಾಲ್ಕು ನಗರಗಳಲ್ಲಿ. ಮಂಗಳೂರು ಅದರಲ್ಲಿ ಇರಲಿಲ್ಲ. ಅಂದರೆ ಜಾಹೀರಾತಿಲ್ಲದ ಗಂಟೆಯಿಂದ ಇಲ್ಲಿ ಕೇಳುಗರು ಇಷ್ಟು ಹೆಚ್ಚಿದರು ಅಂತ ವಾರವಾರ ತೋರಿಸುವ ಲೆಕ್ಕ ಯಾರ ಕೈಯಲ್ಲೂ ಇರಲಿಲ್ಲ. ದೊಡ್ಡ ನಗರಕ್ಕೆ ಬರೆದ ಕ್ಲಾಕ್ ನೆಟ್‌ವರ್ಕಿನ ಮೂಲಕ ಸಣ್ಣ ಊರಿಗೂ ಬರುತ್ತದೆ. ಅಳತೆ ಇಲ್ಲದ ಊರಿನಲ್ಲೂ ಅಳತೆಗಾಗಿ ಮಾಡಿದ ಉಪಾಯ ನಡೆಯುತ್ತಿರುತ್ತದೆ. ನಿಮ್ಮ ಅಂಗಡಿಗೆ ಬಂದವರು ‘ಜನ ನಮ್ಮನ್ನೇ ಕೇಳುತ್ತಾರೆ’ ಅಂದಾಗ ಯಾವ ಸರ್ವೆ, ಯಾವ ವರ್ಷದ್ದು, ಉಡುಪಿ ಕಡೆಯವರನ್ನು ಕೇಳಿದ್ದಾರಾ ಅಂತ ವಿಚಾರಿಸಿ. ಕಾಗದ ತೋರಿಸಿದರೆ ನಂಬಿ.

ಬ್ರೇಕ್ ಬಂದ ಕೂಡಲೇ ಎಲ್ಲರೂ ಓಡಿಹೋಗುತ್ತಾರೆ ಅನ್ನುವ ನಂಬಿಕೆಯೂ ಪೂರ್ತಿ ಸರಿಯಲ್ಲ. ಅಮೆರಿಕದಲ್ಲಿ ಡೈರಿಯ ಬದಲು ಜನ ಜೇಬಿನಲ್ಲಿ ಇಟ್ಟುಕೊಳ್ಳುವ ಮೀಟರ್ ಬಂದಾಗ, 2006ರಲ್ಲಿ ಅದರ ದಾಖಲೆ ನೋಡಿದರು. ಬ್ರೇಕಿಗೆ ಮುಂಚೆ ಇದ್ದ ಕೇಳುಗರಲ್ಲಿ ಸರಾಸರಿ 92%ಕ್ಕಿಂತ ಜಾಸ್ತಿ ಜನ ಬ್ರೇಕಿನಲ್ಲೂ ಇದ್ದರು. ಚಿಕ್ಕ ಬ್ರೇಕಿನಲ್ಲಿ ಹೆಚ್ಚು ಕಡಿಮೆ ಯಾರೂ ಹೋಗಿರಲಿಲ್ಲ. ಬ್ರೇಕ್ ಉದ್ದ ಆದ ಹಾಗೆ ಜನ ಕಳಚಿಕೊಂಡರು. ನನ್ನ ಅಭಿಪ್ರಾಯಕ್ಕೆ ಇದೇ ದೊಡ್ಡ ಆಧಾರ. ಒಂದು ಗಂಟೆ ಪೂರ್ತಿ ಖಾಲಿ ಬಿಟ್ಟು ಉಳಿದ ಗಂಟೆಗಳ ಬ್ರೇಕನ್ನು ಉದ್ದ ಮಾಡುವುದಕ್ಕಿಂತ, ಇಡೀ ದಿನ ಎರಡರಿಂದ ಎರಡೂವರೆ ನಿಮಿಷದ ಚಿಕ್ಕ ಬ್ರೇಕ್ ಇಡುವುದು ಕೇಳುಗರಿಗೂ ಒಳ್ಳೆಯದು, ಜಾಹೀರಾತು ಕೊಟ್ಟವರಿಗೂ ಒಳ್ಳೆಯದು. ಅಲ್ಲಿನ ಅತಿ ದೊಡ್ಡ ರೇಡಿಯೋ ಕಂಪನಿ ಕ್ಲಿಯರ್ ಚಾನೆಲ್ 2005ರ ಆರಂಭದಿಂದ ತನ್ನ ಸ್ಟೇಷನ್ನುಗಳಲ್ಲಿ ಜಾಹೀರಾತಿನ ನಿಮಿಷಗಳನ್ನೇ ಕಡಿತ ಮಾಡಿತು, 60 ಸೆಕೆಂಡಿನ ಸ್ಪಾಟ್ ಬದಲು 30 ಸೆಕೆಂಡಿನದ್ದನ್ನು ಮುಂದೆ ತಂದಿತು. ಒಂದು ಗಂಟೆಯ ಉಡುಗೊರೆಗಿಂತ ಅದು ಪ್ರಾಮಾಣಿಕ ದಾರಿ ಅಂತ ನನಗೆ ಅನಿಸುತ್ತದೆ.

ಹಾಡಿನ ಖರ್ಚಿನ ಬಗ್ಗೆ ಒಂದೇ ಮಾತು. 2010ರಲ್ಲಿ ಕಾಪಿರೈಟ್ ಬೋರ್ಡ್ ಖಾಸಗಿ ಎಫ್‌ಎಂಗಳು ಧ್ವನಿಮುದ್ರಿಕೆಗೆ ಕೊಡಬೇಕಾದ ರಾಯಲ್ಟಿಯನ್ನು ಜಾಹೀರಾತು ಆದಾಯದ 2% ಅಂತ 2020ರ ತನಕ ನಿಗದಿ ಮಾಡಿತ್ತು. ಆದಾಯದ ಮೇಲಿನ ಪಾಲು ಅಂದರೆ ಗಂಟೆಗೆ ಎಂಟು ಹಾಡು ಹಾಕಿದರೂ ಒಂದೇ, ಹದಿಮೂರು ಹಾಕಿದರೂ ಒಂದೇ. ಹಾಡು ಓಡಿದ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಡಬೇಕಾದಾಗ ಮಾತ್ರ ಬರೀ ಹಾಡಿನ ಗಂಟೆ ದುಬಾರಿ ಆಗುತ್ತದೆ.

ಈಗ ನನಗೆ ನಿಜವಾಗಿ ಬೇಸರ ತರಿಸುವ ವಿಷಯಕ್ಕೆ ಬರುತ್ತೇನೆ. ಜಾಹೀರಾತಿಲ್ಲದ ಗಂಟೆಯಲ್ಲಿ ಜಾಹೀರಾತಿನ ಜೊತೆ ಆರ್‌ಜೆ ಕೂಡ ಕಾಣೆಯಾಗುತ್ತಾರೆ. ಹಾಡು, ಸ್ಟೇಷನ್ನಿನ ಹೆಸರು ಹೇಳುವ ಸ್ವೀಪರ್, ಹಾಡು, ಟ್ಯಾಗ್, ಹಾಡು. ಕಂಪ್ಯೂಟರಿಗೆ ಕೊಟ್ಟರೆ ತಾನೇ ಓಡಿಸಿಕೊಂಡು ಹೋಗುತ್ತದೆ. ಸ್ಟುಡಿಯೋದಲ್ಲಿ ಯಾರೂ ಇಲ್ಲದಿದ್ದರೂ ನಡೆಯುತ್ತದೆ. ಈಗ ಜುಲೈ ತಿಂಗಳ ಒಂದು ಬೆಳಗ್ಗೆ ಯೋಚನೆ ಮಾಡಿ. ರಾತ್ರಿಯಿಡೀ ಸುರಿದಿದೆ. ಮನೆಮನೆಯಲ್ಲೂ ಒಂದೇ ಪ್ರಶ್ನೆ, ಡಿಸಿ ರಜೆ ಕೊಟ್ಟಿದ್ದಾರಾ? ಉಡುಪಿಗೆ ಮಾತ್ರವಾ, ದಕ್ಷಿಣ ಕನ್ನಡಕ್ಕೂ ಇದೆಯಾ? ಪಿಯುಸಿಯವರಿಗೂ ಉಂಟಾ? ಚಾರ್ಮಾಡಿಯಲ್ಲಿ ಗುಡ್ಡ ಜರಿದಿದೆಯಾ, ಶಿರಾಡಿಯಲ್ಲಿ ಬಸ್ಸು ಬಿಡುತ್ತಿದ್ದಾರಾ, ಪಂಪ್‌ವೆಲ್‌ನಲ್ಲಿ ನೀರು ನಿಂತಿದೆಯಾ? ಇದನ್ನು ತುಳುವಿನಲ್ಲೋ ಕನ್ನಡದಲ್ಲೋ ಅರ್ಧ ನಿಮಿಷದಲ್ಲಿ ಹೇಳಿ ಹಾಡಿಗೆ ಹೋಗುವ ಒಬ್ಬ ಆರ್‌ಜೆ ಆ ಹೊತ್ತಿನಲ್ಲಿ ಹದಿಮೂರು ಹಾಡಿಗಿಂತ ಜಾಸ್ತಿ ಬೆಲೆ ಬಾಳುತ್ತಾರೆ.

ಖಾಸಗಿ ಎಫ್‌ಎಂಗೆ ಸುದ್ದಿ ಹೇಳಲು ಅನುಮತಿ ಇಲ್ಲವಲ್ಲ ಅಂತ ಕೆಲವರು ಹೇಳುತ್ತಾರೆ. ಸ್ವಂತ ಸುದ್ದಿ ಮಾಡುವ ಹಾಗಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಪ್ರಸಾರ ಮಾಡಬಹುದು, ಅದು ನಿಜ. ಆದರೆ ಕೇಂದ್ರ ಸರ್ಕಾರದ 2011ರ ಎಫ್‌ಎಂ ಮೂರನೇ ಹಂತದ ನೀತಿಯಲ್ಲಿ ಟ್ರಾಫಿಕ್, ಹವಾಮಾನ, ಪರೀಕ್ಷೆ ಮತ್ತು ಫಲಿತಾಂಶ, ಸ್ಥಳೀಯ ಉತ್ಸವ, ಕರೆಂಟು ನೀರಿನ ಪ್ರಕಟಣೆ, ಪ್ರಕೃತಿ ವಿಕೋಪದ ಬಗ್ಗೆ ಜಿಲ್ಲಾಡಳಿತ ಕೊಡುವ ಮಾಹಿತಿ, ಇವನ್ನು ಸುದ್ದಿ ಅಂತ ಪರಿಗಣಿಸುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಬಾಗಿಲು ತೆರೆದೇ ಇದೆ. ಬರೀ ಹಾಡು ಬೇಕಾದವರಿಗೆ ಫೋನಿನಲ್ಲಿ ಬೇಕಾದಷ್ಟು ಸಿಗುತ್ತದೆ. ಫೋನಿನ ಆ್ಯಪ್‌ಗೆ ಕುದ್ರೋಳಿ ದಸರಾದ ದಿನ ಯಾವ ರಸ್ತೆ ಬಂದ್ ಅಂತ ಗೊತ್ತಿಲ್ಲ, ವಿಟ್ಲಪಿಂಡಿಯ ದಿನ ರಥಬೀದಿಯ ಸುತ್ತ ಗಾಡಿ ನಿಲ್ಲಿಸಲು ಜಾಗ ಎಲ್ಲಿದೆ ಅಂತ ಗೊತ್ತಿಲ್ಲ. ಊರಿನ ರೇಡಿಯೋಗೆ ಗೊತ್ತಿರುತ್ತದೆ. ಹಾಡಿನ ಸಂಖ್ಯೆಯಲ್ಲಿ ಪೈಪೋಟಿಗೆ ಇಳಿದ ಸ್ಟೇಷನ್ ತನ್ನ ಕೈಯಲ್ಲಿದ್ದ ಆ ಒಂದು ಬಲವನ್ನು ತಾನೇ ಬಿಟ್ಟುಕೊಡುತ್ತದೆ. ನಾನು ಸ್ಟೇಷನ್ ನಡೆಸುವವರಿಗೆ ಹೇಳುವುದು ಇಷ್ಟೇ. ಜಾಹೀರಾತು ಬೇಡದ ಗಂಟೆ ಇರಲಿ, ಆದರೆ ಆ ಗಂಟೆಯಲ್ಲಿ ಮನುಷ್ಯರ ದನಿ ಇರಲೇಬೇಕು.

ಇನ್ನು ನಿಮ್ಮ ಅಂಗಡಿ. ಸ್ಪಾಟ್ ಹಾಕಬೇಡಿ ಅಂತ ಹೇಳುವುದಿಲ್ಲ. ಬಟ್ಟೆ ಅಂಗಡಿಗೆ ರೇಡಿಯೋ ಒಳ್ಳೆಯದೇ. ಆದರೆ ಜಾಹೀರಾತಿಲ್ಲದ ಗಂಟೆಯನ್ನು ತೋರಿಸಿ ಅವರು ನಿಮಗೆ ಮಾರುತ್ತಿರುವುದು ಅದರ ಪಕ್ಕದ ಗಂಟೆಯನ್ನು, ಅಂದರೆ ಹದಿನಾರು ಹೆಸರಿರುವ ಬ್ರೇಕನ್ನು. ಆದ್ದರಿಂದ ರೇಟ್ ಮಾತಾಡುವ ಮುಂಚೆ ಜಾಗ ಮಾತಾಡಿ. ‘ಬೆಳಗ್ಗೆ ಯಾವಾಗಲಾದರೂ’ ಅನ್ನುವ ಪ್ಯಾಕೇಜ್ ಅಗ್ಗ, ಆದರೆ ಸ್ಪಾಟ್ ಎಲ್ಲಿ ಬೀಳುತ್ತದೆ ಅಂತ ಹೇಳಲು ಆಗುವುದಿಲ್ಲ. ಬ್ರೇಕಿನ ಮೊದಲ ಸ್ಪಾಟ್ ಬೇಕು ಅಂತ ಕೇಳಿ. ಹಾಡು ಮುಗಿದ ಕೂಡಲೇ ಬರುವ ಸ್ಪಾಟ್ ಬಟನ್ ಒತ್ತುವ ಮುಂಚೆ ಕಿವಿಗೆ ಬಿದ್ದಿರುತ್ತದೆ. ಅದಕ್ಕೆ ಸ್ವಲ್ಪ ಜಾಸ್ತಿ ಕೇಳಿದರೆ ಕೊಡಿ, ಬೇಕಾದರೆ ಸ್ಪಾಟಿನ ಸಂಖ್ಯೆ ಕಡಿಮೆ ಮಾಡಿಕೊಳ್ಳಿ. ನಿಮ್ಮ ಗಿರಾಕಿಗಳು ಕಟಪಾಡಿ, ಶಿರ್ವ, ಕಾಪು ಕಡೆಯವರಾದ್ದರಿಂದ ತುಳುವಿನಲ್ಲಿ ಒಂದು ಆರ್‌ಜೆ ಮೆನ್ಷನ್, ಅಂದರೆ ಆರ್‌ಜೆ ತಮ್ಮ ಮಾತಿನಲ್ಲೇ ನಿಮ್ಮ ಅಂಗಡಿಯ ಹೆಸರು ಹೇಳುವುದು, ಸಿಗುತ್ತದಾ ನೋಡಿ. ರೆಕಾರ್ಡ್ ಮಾಡಿದ ಹತ್ತು ಸ್ಪಾಟಿಗಿಂತ ಅದು ಕೆಲಸ ಮಾಡುವುದನ್ನು ಕಂಡಿದ್ದೇನೆ. ಬಿಲ್ ಕೊಡುವ ಮುಂಚೆ ಯಾವ ದಿನ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಸ್ಪಾಟ್ ಹೋಗಿದೆ ಅನ್ನುವ ಲಾಗ್ ತರಿಸಿಕೊಳ್ಳಿ. ನಾಲ್ಕೈದು ಸಲ ನೀವೇ ಕಾರಿನಲ್ಲಿ ಕೇಳಿ ತಾಳೆ ನೋಡಿ.

ಒಂದು ವಿಷಯ ಗಮನದಲ್ಲಿರಲಿ. ಮಂಗಳೂರಿನ ಸ್ಟೇಷನ್ನಿನ ದರದಲ್ಲಿ ನೀವು ತೊಕ್ಕೊಟ್ಟು, ಬಿ.ಸಿ. ರೋಡಿನ ಕೇಳುಗರಿಗೂ ದುಡ್ಡು ಕೊಡುತ್ತಿದ್ದೀರಿ. ಅವರು ಸೀರೆ ತೆಗೆಯಲು ಕಟಪಾಡಿಗೆ ಬರುವುದು ಕಷ್ಟ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ಚಾನೆಲ್ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಉಡುಪಿಯೂ ಇದೆ. ಉಡುಪಿಗೇ ಸ್ಟೇಷನ್ ಬಂದರೆ ನಿಮ್ಮಂಥ ಅಂಗಡಿಗೆ ಲೆಕ್ಕ ಬೇರೆಯೇ ಆಗುತ್ತದೆ. ಅಲ್ಲಿಯ ತನಕ ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಡಿ. ಆಟಿಯಲ್ಲಿ ಒಂದು ತಿಂಗಳಿಗೆ ಕೇಳಿ. ಆಗ ಬ್ರೇಕ್ ಚಿಕ್ಕದಿರುತ್ತದೆ, ರೇಟೂ ಬಗ್ಗುತ್ತದೆ, ಚೌತಿಗೆ ಬಟ್ಟೆ ತೆಗೆಯುವವರಿಗೆ ನಿಮ್ಮ ಹೆಸರು ಮೊದಲೇ ತಲುಪಿರುತ್ತದೆ.